ಹಾರ್ಡ್ ವ್ಯಾಕ್ಸ್ ನನಗೂ ಬರ್ತೈತಿ ಅಂದಿದ್ದೆ

ಬಳ್ಳಾರಿಯ ಪಾರ್ವತಿನಗರದ ಟೀಚರ್ ಮನೆಯ ಒಳಕೋಣೆಯಲ್ಲಿ ಅವರ ಹುಬ್ಬಿಗೆ ದಾರ ಹಿಡಿದಿದ್ದೆ. ದಾರದ ಒಂದು ತುದಿ ನನ್ನ ಹಲ್ಲಿನಲ್ಲಿತ್ತು, ಮಾತಾಡುವ ಹಾಗಿರಲಿಲ್ಲ. ಅಂಥ ಹೊತ್ತು ನೋಡಿಯೇ ಅವರು ಆ ಮಾತು ತೆಗೆದರು. ಸಿರುಗುಪ್ಪದವಳೊಬ್ಬಳು ಅದೇನೋ ಕಾಳು ಕರಗಿಸಿ ಹಚ್ಚುತ್ತಾಳಂತೆ, ಮೇಲೆ ಬಟ್ಟೆಪಟ್ಟಿ ಇಲ್ಲದೆ ಹಾಗೇ ಎಳೆಯುತ್ತಾಳಂತೆ, ಎಂಥ ಸೂಕ್ಷ್ಮ ಚರ್ಮಕ್ಕೂ ಏನೂ ಆಗುವುದಿಲ್ಲವಂತೆ, ಮಗಳ ಮದುವೆಗೆ ಅವಳನ್ನೇ ಕರೆಸೋಣವಾ ಅಂತ ಕೇಳಿದರು.

ದಾರ ತುಂಡಾಯಿತು. ಹೊಸ ದಾರ ಹರಿದುಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ಚೀಲದೊಳಗೆ ಕೈಯಾಡಿಸಿದೆ. ಆ ಮನೆಗೆ ನಾನು ಹೋಗಲು ಹಿಡಿದು ಹನ್ನೊಂದು ವರ್ಷ. ಟೀಚರ್ ಮಗಳು ಪಿಯುಸಿಯಲ್ಲಿದ್ದಾಗ ಮೊದಲ ಸಲ ಹುಬ್ಬು ತೀಡಿದವಳು ನಾನು. ಅವಳ ಮದುವೆಗೆ ಬೇರೆಯವಳು ಬರುವುದೇ? ಅದರಲ್ಲೂ ಸಿರುಗುಪ್ಪದವಳೇ?

"ಅದು ಹಾರ್ಡ್ ವ್ಯಾಕ್ಸ್ ಟೀಚರ್. ನನಗೂ ಬರ್ತೈತಿ," ಅಂದೆ.

ಬರುತ್ತಿರಲಿಲ್ಲ. ಆ ಕಾಳನ್ನು ಕೈಯಲ್ಲಿ ಮುಟ್ಟಿ ಸಹ ನೋಡಿರಲಿಲ್ಲ.

ಸಿರುಗುಪ್ಪದವಳ ಬಗ್ಗೆ ಹೇಳಲೇಬೇಕು. ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಅಲ್ಲಿನ ಬಳೆ ವ್ಯಾಪಾರದ ಮುಸ್ಲಿಂ ಮನೆತನದವಳು. ಮದುವೆಯಾಗಿ ಬಳ್ಳಾರಿಗೆ ಬಂದಿದ್ದಾಗ ನನ್ನ ಹತ್ತಿರ ಕೆಲಸ ಕಲಿತಳು. ನಾಲ್ಕು ವರ್ಷ ಇಬ್ಬರೂ ಒಂದೇ ಸ್ಕೂಟಿಯಲ್ಲಿ ಮನೆಮನೆ ತಿರುಗಿದೆವು. ಆಮೇಲೆ ಗಂಡನ ಕೆಲಸದ ಸಲುವಾಗಿ ಊರಿಗೆ ವಾಪಸು ಹೋದಳು. ಹೈದರಾಬಾದಿನ ನೆಂಟರ ಮನೆಯಲ್ಲಿದ್ದು ಹಾರ್ಡ್ ವ್ಯಾಕ್ಸ್ ಕಲಿತು ಬಂದಳೆಂಬ ಸುದ್ದಿ ನನಗೆ ನನ್ನ ಗಿರಾಕಿಗಳಿಂದಲೇ ಗೊತ್ತಾಯಿತು. ಅಷ್ಟರಲ್ಲಿ ಅವಳು ವಾರಕ್ಕೆರಡು ದಿನ ಬಳ್ಳಾರಿಗೇ ಬರತೊಡಗಿದ್ದಳು. ಮೊದಲು ಸತ್ಯನಾರಾಯಣಪೇಟೆಯ ಎರಡು ಮನೆ ಹೋದವು, ಆಮೇಲೆ ಕೌಲ್ ಬಜಾರಿನ ಒಂದು ಮನೆ. ಯಾರೂ ನನ್ನೊಡನೆ ಜಗಳವಾಡಿ ಬಿಟ್ಟವರಲ್ಲ. ಈ ತಿಂಗಳು ಬೇಡ ಅಕ್ಕಾ, ಫೋನ್ ಮಾಡ್ತೀನಿ ಅನ್ನುತ್ತಿದ್ದರು, ಫೋನ್ ಬರುತ್ತಿರಲಿಲ್ಲ.

ದಿನಾ ಬೆಳಗ್ಗೆ ಮುಖ ತೊಳೆಯುವುದಕ್ಕೂ ಮೊದಲು ಅವಳ ವಾಟ್ಸಾಪ್ ಸ್ಟೇಟಸ್ ನೋಡುವುದು ನನಗೆ ಚಟವಾಗಿಬಿಟ್ಟಿತ್ತು. ನಾನು ನೋಡಿದ್ದು ಅವಳಿಗೆ ತಿಳಿಯಬಾರದೆಂದು ನಾದಿನಿಯ ಫೋನಿನಲ್ಲಿ ನೋಡುತ್ತಿದ್ದೆ. ನೀಲಿ ಹೀಟರು, ಜೇನಿನ ಬಣ್ಣದ ಮೇಣ, ಒಂದೇ ಎಳೆತಕ್ಕೆ ಕಿತ್ತು ಬಂದ ಇಡೀ ಪಟ್ಟಿ, ಕೆಳಗೆ ಗಿರಾಕಿಯ ನುಣುಪಾದ ಕೈ. ಎಲ್ಲಾ ಲೈಟಿನ ಕರಾಮತ್ತು ಎಂದು ಮೂಗು ಮುರಿಯುತ್ತಿದ್ದೆ. ಮರುದಿನ ಮತ್ತೆ ನಾದಿನಿಯ ಫೋನು ಕೇಳುತ್ತಿದ್ದೆ.

ಟೀಚರ್ ಮಗಳದ್ದು ಬೇರೆಯೇ ಕಷ್ಟ. ಬ್ಯಾಂಕಿನಲ್ಲಿ ಕೆಲಸ, ವಯಸ್ಸು ಇಪ್ಪತ್ತೆಂಟು. ಹಾರ್ಮೋನಿನ ತೊಂದರೆಯಿಂದ ಗದ್ದದ ಮೇಲೆ, ದವಡೆಯ ಕೆಳಗೆ ದಪ್ಪ ಕೂದಲು ಬರುತ್ತಿತ್ತು. ಡಾಕ್ಟರ ಗುಳಿಗೆ ನಡೆದಿತ್ತು, ಅದರ ಗುಣ ಕಾಣಲು ಇನ್ನೂ ತಿಂಗಳುಗಟ್ಟಲೆ ಬೇಕಿತ್ತು. ದಾರದಲ್ಲಿ ತೆಗೆದರೆ ಗುಳ್ಳೆ, ಬಟ್ಟೆಪಟ್ಟಿಯ ವ್ಯಾಕ್ಸ್ ಮಾಡಿದರೆ ಚರ್ಮ ಕೆಂಪಾಗಿ ವಾರಗಟ್ಟಲೆ ಕಲೆ. ಕೊನೆಗೆ ಅವಳು ಬೆಳಗ್ಗೆ ಬಾಗಿಲು ಹಾಕಿಕೊಂಡು ರೇಜರ್ ಆಡಿಸಲು ಶುರುಮಾಡಿದ್ದಳು. ಗಂಡಿನ ಕಡೆಯವರಿಗೆ ಇದೇನೂ ಗೊತ್ತಿರಲಿಲ್ಲ. ಹುಡುಗನಿಗೆ ನಾನೇ ಹೇಳುತ್ತೇನೆ, ಆದರೆ ಮದುವೆ ಮುಗಿದ ಮೇಲೆ, ನನಗೆ ಧೈರ್ಯ ಬಂದಾಗ ಅನ್ನುತ್ತಿದ್ದಳು.

ಆ ದಿನ ಟೀಚರ್ ಚಹಾ ಮಾಡಲು ಹೋದಾಗ ಅವಳು ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಮದುವ್ಯಾಗ ಅಕ್ಕಿಕಾಳು ಹಾಕೋವಾಗ ಅವರ ಮಂದಿ ಎಲ್ಲಾ ಹತ್ರಕ್ಕ ಬಂದು ಮುಖ ನೋಡ್ತಾರ. ಅವತ್ತ ಒಂದಿನ ನನ್ನ ಗದ್ದ ಎಲ್ಲಾರ ಗದ್ದದಂಗ ಇದ್ರ ಸಾಕು ನಂಗ," ಅಂದಳು.

ವ್ಯಾಕ್ಸ್ ಕೂದಲನ್ನು ಹಿಡಿಯಬೇಕಾದರೆ ಕೂದಲು ಕಡಿಮೆ ಅಂದರೂ ಅಕ್ಕಿಕಾಳಿನಷ್ಟು ಉದ್ದ ಇರಬೇಕು. ಅಷ್ಟು ನನಗೆ ಗೊತ್ತಿತ್ತು. ಅದಕ್ಕೆ ಅವಳಿಗೆ ಹೇಳಿದೆ, ಇವತ್ತಿನಿಂದ ರೇಜರ್ ಮುಟ್ಟಬೇಡ. ಅವಳು ಎರಡು ಮಾತಾಡದೆ ಒಪ್ಪಿದಳು. ಮಾರನೆಯ ದಿನದಿಂದ ನೆಗಡಿ ಎಂದು ಹೇಳಿ ಮಾಸ್ಕ್ ಕಟ್ಟಿಕೊಂಡು ಬ್ಯಾಂಕಿಗೆ ಹೋಗತೊಡಗಿದಳು. ನನ್ನ ಒಂದು ಸುಳ್ಳಿನ ಮೇಲೆ ಆ ಹುಡುಗಿ ಗಡ್ಡ ಬೆಳೆಸುತ್ತಿದ್ದಳು.

ಆದರೂ ಆಗ ನನ್ನ ತಲೆಯಲ್ಲಿ ಹೆಚ್ಚು ಸುತ್ತುತ್ತಿದ್ದುದು ಅವಳ ಗದ್ದವಲ್ಲ, ಸಿರುಗುಪ್ಪದವಳ ನೀಲಿ ಹೀಟರು. ಆನ್‌ಲೈನಿನಲ್ಲಿ ಹುಡುಕಿ ಅದಕ್ಕಿಂತ ದೊಡ್ಡದು, ನೇರಳೆ ಬಣ್ಣದ್ದು ತರಿಸಿದೆ. ಕಾಳಿನ ಎರಡು ಪೊಟ್ಟಣವೂ ಅದರ ಜೊತೆಗೆ ಮರುದಿನವೇ ಬಂದವು. ನನಗಿದ್ದದ್ದು ಹತ್ತು ದಿನ.

ಮೊದಲ ದಿನ ಕಾಳು ಪೂರ್ತಿ ನೀರಾಗುವವರೆಗೆ ಕಾಯಿಸಿದೆ. ಸಕ್ಕರೆ ನಿಂಬೆಹಣ್ಣಿನ ಪಾಕ ಕಾಯಿಸಿ ಅಭ್ಯಾಸವಿದ್ದವಳು ನಾನು, ಇದೂ ಹಾಗೇ ಅಂದುಕೊಂಡೆ. ಎಡ ಮುಂಗೈಗೆ ಹಚ್ಚಿದ ಕೂಡಲೇ ಕಣ್ಣಲ್ಲಿ ನೀರು ಬಂತು. ಸುಟ್ಟ ಕಲೆ ಈಗಲೂ ಇದೆ, ನಾಲ್ಕು ಬೆರಳಗಲ. ಎರಡನೆಯ ದಿನ ಹೆದರಿ ಕಡಿಮೆ ಕಾಯಿಸಿದೆ. ಮೇಣ ಮುದ್ದೆಯಾಗಿ ಕಡ್ಡಿಗೆ ಸುತ್ತಿಕೊಂಡಿತು, ಕೈಗೆ ಹರಡಲೇ ಇಲ್ಲ. ಜೇನುತುಪ್ಪ ಕಡ್ಡಿಯಿಂದ ನಿಧಾನಕ್ಕೆ ಇಳಿಯುವ ಹದ ಬೇಕೆಂದು ವಿಡಿಯೋದಲ್ಲಿ ಹೇಳುತ್ತಿದ್ದರು. ಆ ಹದ ಸಿಗಲು ಮೂರು ದಿನ ಹಿಡಿಯಿತು. ಹಚ್ಚುವ ಮೊದಲು ಮಣಿಕಟ್ಟಿನ ಒಳಬದಿಗೆ ಒಂದು ಚುಕ್ಕೆ ಇಟ್ಟು ನೋಡುವುದನ್ನು ಆ ಸುಟ್ಟ ಕಲೆಯೇ ನನಗೆ ಕಲಿಸಿತು.

ಹದ ಸಿಕ್ಕಿತು ಅನ್ನುವಷ್ಟರಲ್ಲಿ ಅಂಚಿನ ತಾಪತ್ರಯ ಶುರುವಾಯಿತು. ಪಟ್ಟಿ ವ್ಯಾಕ್ಸನ್ನು ಎಷ್ಟು ತೆಳ್ಳಗೆ ಎಳೆದರೆ ಅಷ್ಟು ಚೆಂದ, ಹದಿನಾರು ವರ್ಷದಿಂದ ನನ್ನ ಕೈ ಅದನ್ನೇ ಮಾಡಿದೆ. ಇದು ತದ್ವಿರುದ್ಧ. ಕೂದಲು ಬೆಳೆದ ದಿಕ್ಕಿಗೇ ಹಚ್ಚಬೇಕು, ಆದರೆ ಜೋಳದ ರೊಟ್ಟಿಯಷ್ಟು ದಪ್ಪ ಇರಬೇಕು, ಎಳೆಯುವ ತುದಿ ಇನ್ನೂ ದಪ್ಪ ಇರಬೇಕು. ನನ್ನ ಕೈ ತನ್ನಷ್ಟಕ್ಕೆ ತುದಿಯನ್ನು ಸವರಿ ತೆಳ್ಳಗೆ ಮಾಡಿಬಿಡುತ್ತಿತ್ತು. ಎಳೆಯಲು ಹೋದರೆ ಚೂರುಚೂರು. ಆ ಚೂರನ್ನು ಉಗುರಿನಲ್ಲಿ ಕೀಳುತ್ತಾ ಕೂತಾಗ ಸಿರುಗುಪ್ಪದವಳ ಫೋಟೋದಲ್ಲಿದ್ದ ಇಡೀ ಪಟ್ಟಿ ಕಣ್ಣಮುಂದೆ ಬರುತ್ತಿತ್ತು.

ಇನ್ನು ನಮ್ಮೂರ ಬಿಸಿಲು. ಮಧ್ಯಾಹ್ನ ಫ್ಯಾನ್ ಇಲ್ಲದೆ ಹಚ್ಚಿದರೆ ಬೆವರಿಗೆ ಮೇಣ ಗಟ್ಟಿಯಾಗುವುದೇ ಇಲ್ಲ, ಅಂಟಂಟು. ಕೂಲರ್ ಹಾಕಿದರೆ ಒಂದೇ ನಿಮಿಷಕ್ಕೆ ಒಣಗಿ ಹಪ್ಪಳದಂತೆ ಮುರಿಯುತ್ತದೆ. ಕೊನೆಗೆ ನಾನೇ ಒಂದು ದಾರಿ ಕಂಡುಕೊಂಡೆ. ಚರ್ಮ ಒರೆಸಿ, ಪೌಡರ್ ಉದುರಿಸಿ, ಮೇಣ ಚರ್ಮಕ್ಕೆ ಕಚ್ಚದಿರಲೆಂದು ಎರಡೇ ಹನಿ ಎಣ್ಣೆ ಸವರಿ, ಫ್ಯಾನ್ ನಿಲ್ಲಿಸಿ ಹಚ್ಚುವುದು. ಹಚ್ಚಿದ ಮೇಲೆ ಫ್ಯಾನ್ ಹಾಕಿ, ಬೆರಳಿಗೆ ಅಂಟದೆ ಆದರೆ ಬಾಗುವ ಹಾಗಿರುವಾಗ ಇನ್ನೊಂದು ಕೈಯಿಂದ ಚರ್ಮ ಬಿಗಿಹಿಡಿದು, ಮೇಲಕ್ಕೆತ್ತದೆ ಚರ್ಮಕ್ಕೆ ಸಮನಾಗಿ ಎದುರು ದಿಕ್ಕಿಗೆ ಒಂದೇ ಎಳೆತ. ತಕ್ಷಣ ಅಂಗೈ ಒತ್ತಿ ಹಿಡಿಯಬೇಕು. ಒಂದು ಜಾಗಕ್ಕೆ ಒಂದೇ ಸಲ. ಎಂಟನೆಯ ದಿನ ನಾದಿನಿಯ ಮುಂಗೈ ಮೇಲೆ ಇದು ನಾಲ್ಕಕ್ಕೆ ಮೂರು ಸಲ ಸರಿಬಂತು. ಮುಖದ ಮೇಲೆ ಒಮ್ಮೆಯೂ ಮಾಡಿ ನೋಡಿರಲಿಲ್ಲ. ನಾದಿನಿ ಮುಖ ಕೊಡಲಿಲ್ಲ, ಅವಳನ್ನು ದೂರಲಾರೆ.

ಮದುವೆ ಕುರುಗೋಡಿನಲ್ಲಿ, ಟೀಚರ್ ಗಂಡನ ಮೂಲ ಮನೆಯಲ್ಲಿ, ಭಾನುವಾರ. ಟೀಚರಿಗೆ ಮೊದಲೇ ಒತ್ತಿ ಹೇಳಿದ್ದೆ: ಶುಕ್ರವಾರ ಮಧ್ಯಾಹ್ನ ನಾನು ವ್ಯಾಕ್ಸ್ ಮಾಡುತ್ತೇನೆ, ಅರಿಶಿಣ ಶನಿವಾರ ಸಂಜೆ ಇಟ್ಟುಕೊಳ್ಳಿ, ಅದೂ ಗದ್ದ ಬಿಟ್ಟು. ಅರಿಶಿಣ, ಎಣ್ಣೆ, ಕಡಲೆಹಿಟ್ಟು ಬಿದ್ದು ತಿಕ್ಕಿಸಿಕೊಂಡ ಚರ್ಮದ ಮೇಲೆ ಯಾವ ವ್ಯಾಕ್ಸೂ ಮಾಡಬಾರದು. ಇದು ಯಾವ ವಿಡಿಯೋದಿಂದಲೂ ಕಲಿತದ್ದಲ್ಲ, ಮದುವೆಮನೆಗಳಲ್ಲಿ ಕೆಲಸ ಮಾಡಿ ನಾನೇ ತಿಳಿದುಕೊಂಡದ್ದು.

ಶುಕ್ರವಾರ ಬಸ್ಸಿಳಿದು, ಹೀಟರನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡು ಬಸವೇಶ್ವರ ಗುಡಿಯ ಹಿಂದಿನ ಆ ಮನೆಗೆ ಹೋದೆ. ಅಂಗಳದಲ್ಲಿ ಅರಿಶಿಣದ ನೀರು ಹರಿದು ಒಣಗಿತ್ತು.

ಹುಡುಗಿಯ ಸೋದರತ್ತೆ ಎದುರು ಬಂದರು. ಆ ಮನೆಯ ಹಿರಿಯ ಜೀವ, ಬೆಳಗಿನಿಂದ ಕೆಲಸ ಮಾಡಿ ಕೈಯೆಲ್ಲ ಹಳದಿ. ಶನಿವಾರ ಅರಿಶಿಣ ಬೇಡ, ಅದು ನಮ್ಮಲ್ಲಿ ಆಗಿಬರುವುದಿಲ್ಲ ಎಂದು ಅವರೇ ಬೆಳಗ್ಗೆ ಶಾಸ್ತ್ರ ಮುಗಿಸಿಬಿಟ್ಟಿದ್ದರು. ಟೀಚರ್ ಬಾಯಿ ತೆರೆಯುವಷ್ಟರಲ್ಲಿ ಐದು ಮಂದಿ ಮುತ್ತೈದೆಯರು ಬಟ್ಟಲು ಹಿಡಿದಿದ್ದರಂತೆ. ಅದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, ದನಿ ಇಳಿಸಿ, ಪ್ರೀತಿಯಿಂದ ಹೇಳಿದರು.

"ಗದ್ದದ ಮ್ಯಾಲ ಅದಾವಲ್ಲ, ನಂಗ ಗೊತ್ತೈತ್ರಿ. ಯಾರ ಮುಂದೂ ಅಂದಿಲ್ಲ. ಹಸಿ ಅರಿಶಿಣಕ್ಕ ಕಡ್ಲಿಹಿಟ್ಟು ಕೂಡಿಸಿ ಅರ್ಧ ತಾಸು ತಿಕ್ಕೀನಿ. ಕೂಸು ಇದ್ದಾಗ ತಿಕ್ಕಿದ್ರ ಬರ್ತಿದ್ದಿಲ್ಲ, ಇವರವ್ವ ಆವಾಗ ಸಾಲಿ ಸಾಲಿ ಅಂತ ಹೋದ್ಲು."

ಅವರು ಹುಡುಗಿಯ ಮಾನ ಕಾಯಲು ತಿಕ್ಕಿದ್ದರು. ಒಳಗೆ ಹೋಗಿ ನೋಡಿದರೆ ಗದ್ದ ಹಳದಿಯ ಅಡಿಯಲ್ಲಿ ಕೆಂಪಾಗಿ ಹೊಳೆಯುತ್ತಿತ್ತು. ಹತ್ತು ದಿನದ ಕೂದಲು ಒಂದೂ ಅಲುಗಿರಲಿಲ್ಲ.

ಆಗಲೇ ನಿಲ್ಲಿಸಬೇಕಿತ್ತು. ಬೇರೆ ಯಾರಾದರೂ ಹೀಗೆ ಮಾಡಲು ಹೋಗಿದ್ದರೆ ನಾನೇ ಕೈ ಹಿಡಿದು ನಿಲ್ಲಿಸುತ್ತಿದ್ದೆ. ಆದರೆ ಬಾಗಿಲಲ್ಲಿ ನಿಂತ ಟೀಚರ್ ಮುಖದಲ್ಲಿ ಒಂದು ಪ್ರಶ್ನೆ ಕಂಡಿತು, ಅಥವಾ ಕಂಡಂತೆ ನನಗನಿಸಿತು: ಸಿರುಗುಪ್ಪದವಳಿಗೆ ಹೇಳಿದ್ದರೆ ಚೆನ್ನಾಗಿತ್ತೇನೋ. ಬಾಗಿಲು ಮುಂದೆ ಮಾಡಿ ಹೀಟರಿನ ವೈರು ಸಿಕ್ಕಿಸಿದೆ.

ಒದ್ದೆ ಬಟ್ಟೆಯಿಂದ ಒರೆಸಿದೆ, ಪೌಡರ್ ಹಾಕಿದೆ. ದವಡೆಯ ಕೆಳಗೆ, ಎಡಕ್ಕೆ, ಕಾಣದ ಜಾಗದಲ್ಲಿ ಹೆಬ್ಬೆರಳಗಲ ಹಚ್ಚಿದೆ. ಎಳೆದಾಗ ಮೇಣ ಮಾತ್ರ ಜಾರಿಕೊಂಡು ಬಂತು, ಕೂದಲು ಅಲ್ಲೇ ಉಳಿಯಿತು. ಅರಿಶಿಣದ ಎಣ್ಣೆ ಚರ್ಮದೊಳಗೆ ಕೂತಿತ್ತು. ಒಂದು ಜಾಗಕ್ಕೆ ಒಂದೇ ಸಲ ಅನ್ನುವ ನಿಯಮ ನನಗೆ ಬಾಯಿಪಾಠ ಬರುತ್ತಿತ್ತು. ಆದರೂ ಮತ್ತಷ್ಟು ಪೌಡರ್ ಹಾಕಿ, ಅದೇ ಜಾಗಕ್ಕೆ ಇನ್ನೂ ದಪ್ಪ ಹಚ್ಚಿ, ಒತ್ತಿ, ಎಳೆದೆ.

ಹುಡುಗಿ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನ್ನ ಕೈಯಲ್ಲಿದ್ದ ಮೇಣದಲ್ಲಿ ಕೂದಲಿನ ಜೊತೆ ತೆಳ್ಳನೆಯ ಚರ್ಮದ ಪದರವೂ ಇತ್ತು. ದವಡೆಯ ಕೆಳಗೆ ಬೇಳೆಕಾಳಿನಷ್ಟು ಜಾಗ ಹಸಿಯಾಗಿ ಮಿನುಗುತ್ತಿತ್ತು.

"ಉರಿತೈತಿ ಅಕ್ಕಾ. ಹಿಂಗ ಆಗ್ತೈತೇನು ಮೊದ್ಲಿಗೆ?" ಅಂದಳು.

ಹೊರಗಿನಿಂದ ಟೀಚರ್ ಆಯಿತೇನ್ರಿ ಎಂದು ಕೂಗಿದರು. ಇನ್ನೇನು ಮುಗೀತು ಅನ್ನಬಹುದಿತ್ತು. ಹಾಗೆ ಆಗುತ್ತದೆ, ಎಲ್ಲರಿಗೂ ಆಗುತ್ತದೆ ಅನ್ನಬಹುದಿತ್ತು, ಆ ಹುಡುಗಿ ನಂಬುತ್ತಿದ್ದಳು. ಇಡೀ ಗದ್ದ ಇನ್ನೂ ಬಾಕಿಯಿತ್ತು. ಅವಳು ಕಣ್ಣು ಮುಚ್ಚಿ, ಇನ್ನೊಂದು ಎಳೆತಕ್ಕೆ ಕತ್ತು ಮೇಲೆತ್ತಿ ಕಾಯುತ್ತಿದ್ದಳು. ಹಾಗೆ ಕತ್ತು ಒಪ್ಪಿಸಿ ಕೂತದ್ದನ್ನು ನೋಡಿ ಕಡ್ಡಿ ಕೆಳಗಿಟ್ಟೆ. ಹೀಟರಿನ ಸ್ವಿಚ್ ಆರಿಸಿದೆ.

"ಆಗಂಗಿಲ್ಲವ್ವಾ," ಅಂದೆ. "ನಂಗ ಇದು ಬರಂಗಿಲ್ಲ. ಹತ್ತು ದಿನದಿಂದ ಕಲಿಯಾಕ ಹತ್ತೀನಿ. ನಿಮ್ಮವ್ವ ಆಕೀನ್ನ ಕರಿತಾರಂತ ಸುಳ್ಳ ಹೇಳಿದೆ."

ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಇಷ್ಟೇ ಅಂದಳು, "ಹತ್ತು ದಿನ ಮಾಸ್ಕ್ ಕಟ್ಟೀನಿ ಅಕ್ಕಾ ನಾನು." ಆಮೇಲೆ ಸೆರಗಿನಿಂದ ಕತ್ತು ಮುಚ್ಚಿಕೊಂಡು, ಈ ಕೆಲಸ ಬರುವವಳಿಗೆ ಫೋನ್ ಮಾಡಿರಿ ಎಂದಳು.

ಸಿರುಗುಪ್ಪದವಳ ನಂಬರು ನನ್ನ ಫೋನಿನಲ್ಲಿತ್ತು. ಮಾತಾಡಿ ಮೂರು ವರ್ಷವಾಗಿತ್ತು. ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಪಕ್ಕ ನಿಂತು ಮಾಡಿದೆ. ಎರಡನೆಯ ರಿಂಗಿಗೇ ಎತ್ತಿ ಅಕ್ಕಾ ಅಂದಳು, ನಿನ್ನೆ ತಾನೇ ಮಾತಾಡಿದವಳ ಹಾಗೆ. ಎಲ್ಲ ಹೇಳಿದೆ, ಎರಡನೆಯ ಎಳೆತವನ್ನೂ ಬಿಡದೆ ಹೇಳಿದೆ. ಆ ಜಾಗಕ್ಕೆ ಲೋಳೆಸರದ ತಿರುಳು ತಣ್ಣಗೆ ಹಚ್ಚಿರಿ, ಗದ್ದಕ್ಕೆ ಇನ್ನೇನೂ ಮಾಡಬೇಡಿರಿ, ಬರುತ್ತೇನೆ ಎಂದಳು.

ಸಂಜೆ ಐದಕ್ಕೆ ಬಂದಳು. ಮೊದಲಿಗಿಂತ ಸ್ವಲ್ಪ ತುಂಬಿಕೊಂಡಿದ್ದಾಳೆ, ಚೆಂದ ಕಾಣುತ್ತಾಳೆ. ಚೀಲ ಒಳ್ಳೆಯದು, ಒಳಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಖಾನೆ. ಇಂಥ ಹೊತ್ತಿನಲ್ಲೂ ಅವಳ ಚೀಲದ ಖಾನೆ ಎಣಿಸಿದವಳು ನಾನು. ಟೀಚರ್ ಗಾಬರಿಯಾಗಿ ಏನಾಯಿತೆಂದು ಕೇಳಿದಾಗ ನಾನು ಬಾಯಿ ಬಿಡುವ ಮೊದಲೇ ಅವಳು ಹೇಳಿಬಿಟ್ಟಳು. "ಏನಿಲ್ರಿ ಟೀಚರ್. ಅರಿಶಿಣ ಮೊದ್ಲ ಬಿದ್ದೈತಿ. ಅದಕ್ಕ ಇಬ್ರು ಇದ್ರ ಚಲೋ ಅಂತ ಅಕ್ಕ ಕರೆಸ್ಯಾರ." ನನ್ನ ಕಡೆ ನೋಡಲೂ ಇಲ್ಲ. ಅವಳ ಆ ದೊಡ್ಡತನಕ್ಕೂ ನನಗೆ ಹೊಟ್ಟೆ ಉರಿಯಿತು. ನಾನಾಗಿದ್ದರೆ ಅವಳನ್ನು ಹಾಗೆ ಕಾಯುತ್ತಿದ್ದೆನೇ ಎಂದು ಕೇಳಿಕೊಂಡೆ. ಇಲ್ಲ ಅನ್ನಿಸಿತು.

ಆದರೆ ಟೀಚರಿಂದ ಮುಚ್ಚಿಡಲು ನನಗಾಗಲಿಲ್ಲ. ಅಡುಗೆಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡೆ. ಅವರು ಕೊತ್ತಂಬರಿ ಸೋಸುತ್ತಿದ್ದರು, ಕೈ ನಿಲ್ಲಿಸಲಿಲ್ಲ. ಭಾನುವಾರ ಆಗಲಿ, ಆಮೇಲೆ ಮಾತಾಡೋಣ ಎಂದಷ್ಟೇ ಅಂದರು. ಹನ್ನೊಂದು ವರ್ಷದಲ್ಲಿ ಅವರು ನನಗೆ ಚಹಾ ಕೇಳದೆ ಹೋದದ್ದು ಅದೇ ಮೊದಲು.

ಸಿರುಗುಪ್ಪದವಳು ಹುಡುಗಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಗದ್ದವನ್ನು ಮುಟ್ಟದೆ ನೋಡಿದಳು. ಇಲ್ಲಿಗೆ ತನ್ನ ವ್ಯಾಕ್ಸೂ ಆಗುವುದಿಲ್ಲ, ನಾಳೆಯೂ ಆಗುವುದಿಲ್ಲ ಎಂದಳು. ರೇಜರ್ ಆಡಿಸೋಣವೆಂದರೆ ತಿಕ್ಕಿದ ಚರ್ಮದಲ್ಲಿ ರಕ್ತ ಬರುತ್ತದೆ, ದಾರ ಅಂತೂ ಬೇಡವೇ ಬೇಡ. ಹುಡುಗಿಯ ಕಣ್ಣು ತುಂಬಿದವು. ಆಗ ಸಿರುಗುಪ್ಪದವಳು ನನ್ನ ಕಡೆ ತಿರುಗಿ, ನಿಮ್ಮ ಸಣ್ಣ ಕತ್ತರಿ ಇದೆಯಾ ಅಕ್ಕಾ ಎಂದು ಕೇಳಿದಳು.

ಇತ್ತು. ಆ ಕತ್ತರಿ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ, ತುದಿ ಬಾಗಿದ್ದು, ಬೆರಳುದ್ದದ್ದು. ದಾರ ತಾಳದ ವಯಸ್ಸಾದವರ ಹುಬ್ಬಿಗೆ ನಾನು ಅದನ್ನೇ ಬಳಸುತ್ತೇನೆ. ಚರ್ಮಕ್ಕೆ ತಾಗದ ಹಾಗೆ ಕೂದಲನ್ನು ಒಂದೊಂದಾಗಿ ಬುಡಕ್ಕೆ ಕತ್ತರಿಸುವುದು. ಅದು ಹೊಸ ಫ್ಯಾಷನ್ ಅಲ್ಲ, ಯಾರೂ ಅದರ ಫೋಟೋ ಹಾಕುವುದಿಲ್ಲ. ಅದಕ್ಕೇ ಹತ್ತು ದಿನದಲ್ಲಿ ಒಮ್ಮೆಯೂ ಅದು ನನ್ನ ತಲೆಗೆ ಬಂದಿರಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಕೈಗಳ ಮೇಲಿನ ಅರಿಶಿಣದ ಎಣ್ಣೆ ಇಳಿದಿತ್ತು. ಅಲ್ಲಿ ಯಾರೂ ತಿಕ್ಕಿರಲಿಲ್ಲ, ಬರೀ ಸವರಿದ್ದರು. ಮೊಣಕೈ ಹತ್ತಿರ ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿ, ಒಂದು ತಾಸು ಕಾದು, ಆಮೇಲೆ ಸಿರುಗುಪ್ಪದವಳು ಶುರುಮಾಡಿದಳು. ನಾನು ಪಕ್ಕದಲ್ಲಿ ಕೂತು ನೋಡಿದೆ. ಅವಳು ಹೀಟರಿನ ಬಿಸಿಯ ನಂಬರು ನೋಡುವುದಿಲ್ಲ. ಕಡ್ಡಿ ಎತ್ತಿ ಮೇಣ ಬೀಳುವುದನ್ನು ನೋಡುತ್ತಾಳೆ. ಹಚ್ಚಿದ ಮೇಲೆ ತುದಿಯಲ್ಲಿ ಕಡ್ಡಿಯನ್ನು ಒಂದು ಸಲ ಹಿಂದಕ್ಕೆ ತರುತ್ತಾಳೆ, ಅಲ್ಲಿ ಮೇಣ ತನ್ನಷ್ಟಕ್ಕೆ ದಪ್ಪವಾಗುತ್ತದೆ. ಅಷ್ಟೇ. ಆ ಒಂದು ತಿರುವು ಯಾವ ವಿಡಿಯೋದಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪಟ್ಟಿಗಳು ಇಡಿಯಾಗಿ ಬಂದವು, ಒಂದರ ಮೇಲೊಂದು. ಲೈಟಿನ ಕರಾಮತ್ತು ಏನೂ ಇರಲಿಲ್ಲ. ಕಲಿಯಬೇಕೆಂದು ನೋಡುತ್ತಿದ್ದೆ, ಒಂದಾದರೂ ಮುರಿಯಲಿ ಎಂದೂ ಕಾಯುತ್ತಿದ್ದೆ, ಎರಡೂ ನಿಜ.

ಭಾನುವಾರ ಬೆಳಗ್ಗೆ ಹುಡುಗಿಗೆ ಸ್ನಾನವಾದ ಮೇಲೆ ನಾನು ಕತ್ತರಿ ಹಿಡಿದೆ. ಹುಡುಗಿಯ ತಲೆ ಸಿರುಗುಪ್ಪದವಳ ತೊಡೆಯ ಮೇಲೆ. ಅವಳು ಒಂದು ಕೈಯಲ್ಲಿ ಫೋನಿನ ಟಾರ್ಚ್ ಹಿಡಿದು, ಇನ್ನೊಂದರಲ್ಲಿ ನಾನು ಹೇಳಿದ ಕಡೆ ಮುಖ ತಿರುಗಿಸುತ್ತಿದ್ದಳು. ಗದ್ದದ ನಡುವಿನಿಂದ ಹಿಡಿದು ಕಿವಿಯ ಬುಡದವರೆಗೆ ಒಂದೂಕಾಲು ತಾಸು ಹಿಡಿಯಿತು. ಉಸಿರನ್ನು ಸಹ ಅಳೆದು ಬಿಡುತ್ತಿದ್ದೆ. ಹೊರಗೆ ಗಂಡಿನ ಕಡೆಯವರು ಬಂದರೆಂದು ವಾಲಗ ಶುರುವಾದರೂ ನಾವು ಮೂವರೂ ಅಲುಗಲಿಲ್ಲ.

ಕೊನೆಯ ಕೂದಲು ಬಿದ್ದ ಮೇಲೆ ಸಿರುಗುಪ್ಪದವಳು ಟಾರ್ಚನ್ನು ಗದ್ದದ ಹತ್ತಿರಕ್ಕೆ ತಂದು ಅಡ್ಡಡ್ಡ ಬೆಳಕು ಬಿಟ್ಟು ನೋಡಿದಳು. ಎಲ್ಲೂ ಕೆರೆದಿರಲಿಲ್ಲ.

"ನಾಲ್ಕು ವರ್ಷ ಬಾಜೂಕ ಕೂತು ನೋಡೀನಿ ಅಕ್ಕಾ. ಈ ಕೈ ನನಗ ಬರಲಿಲ್ಲ," ಅಂದಳು. "ಬರವಲ್ದು ಅಂತ ಸಿಟ್ಟಿಗೆ ಬ್ಯಾರೆ ಏನರ ಕಲೀಬೇಕಂತ ಹೈದರಾಬಾದಿಗೆ ಹೋದೆ."

ಆ ಮಾತು ಕೇಳಿ ನನಗೆ ಹಬ್ಬವಾಯಿತು. ಮೂರು ವರ್ಷ ನಾದಿನಿಯ ಫೋನಿನಲ್ಲಿ ಕದ್ದು ನೋಡಿದ್ದಕ್ಕೆಲ್ಲ ಸರಿಹೋಯಿತು ಅನ್ನಿಸಿತು. ಅವಳಿಗೂ ಉರಿದಿತ್ತು, ನನಗಿಂತ ಮೊದಲೇ ಉರಿದಿತ್ತು. ನಾನು ಕತ್ತರಿ ಒರೆಸಿ ಒಳಗಿಟ್ಟೆ.

ದವಡೆಯ ಕೆಳಗಿನ ಹಸಿ ಜಾಗಕ್ಕೆ ಮೇಕಪ್ ತಾಗಿಸಲಿಲ್ಲ. ಅದು ಕಾಣದಿರಲೆಂದು ಕತ್ತಿನ ಆಭರಣವನ್ನು ಒಂದು ಬೆರಳು ಮೇಲಕ್ಕೆ ಕಟ್ಟಿದೆವು. ಅಕ್ಕಿಕಾಳು ಬಿದ್ದ ಮೇಲೆ ಗಂಡಿನ ತಾಯಿ ಸೊಸೆಯ ಹತ್ತಿರ ಬಂದು, ಸರಿದಿದ್ದ ಬಾಸಿಂಗ ಸರಿಮಾಡಿ, ಗದ್ದ ಹಿಡಿದು ಮುಖ ಎತ್ತಿ ನೋಡಿದರು. ಕಂಬದ ಪಕ್ಕ ನಿಂತಿದ್ದ ನಾನು ಸಿರುಗುಪ್ಪದವಳ ಮಣಿಕಟ್ಟು ಹಿಡಿದಿದ್ದೆ, ಯಾವಾಗ ಹಿಡಿದೆನೋ ಗೊತ್ತಿಲ್ಲ. ಆ ತಾಯಿ ಲಟಿಕೆ ಮುರಿದು ದೃಷ್ಟಿ ತೆಗೆದು ಮುಂದೆ ಹೋದರು. ಹುಡುಗಿ ಅಷ್ಟು ಮಂದಿಯ ನಡುವೆ ನಮ್ಮನ್ನು ಹುಡುಕಿ ನೋಡಿದಳು. ಮೊದಲು ಯಾರನ್ನು ನೋಡಿದಳು ಎಂದು ನಾನು ಗಮನಿಸಿದೆ. ಅವಳನ್ನು.

ಎರಡು ತಿಂಗಳಾದ ಮೇಲೆ ಹುಡುಗಿ ಗಂಡನ ಮನೆಯಿಂದ ಫೋನ್ ಮಾಡಿದಳು. ಕಲೆ ಪೂರ್ತಿ ಮಾಸಿದೆಯಂತೆ. ಗಂಡನಿಗೆ ಎಲ್ಲ ಹೇಳಿದಳಂತೆ, ಅವನು ಇಷ್ಟೇನಾ ಅಂದನಂತೆ. ಸ್ವಲ್ಪ ಸುತ್ತಿಬಳಸಿ, ಚರ್ಮ ಈಗ ಸರಿಯಿದೆ, ಹಾರ್ಡ್ ವ್ಯಾಕ್ಸ್ ಮಾಡಿಸಬೇಕೆಂದಿದ್ದೇನೆ, ಆ ಅಕ್ಕನ ನಂಬರು ಕೊಡುತ್ತೀರಾ ಎಂದು ಕೇಳಿದಳು. ಅಷ್ಟು ಹೊತ್ತಿಗೆ ನನಗೂ ಕೈ ಕುದುರಿತ್ತು. ಈಗ ನಿಜವಾಗಿ ಬರುತ್ತದೆ ಎನ್ನುವ ಮಾತು ನಾಲಿಗೆ ತುದಿಗೆ ಬಂತು. ಆದರೆ ಆ ಮಾತನ್ನು ಅವಳ ಮುಂದೆ ನಾನು ಒಮ್ಮೆ ಆಡಿಯಾಗಿತ್ತು. ನಂಬರು ಹೇಳಿದೆ. ಫೋನಿನಲ್ಲಿ ಹುಡುಕಬೇಕಾಗಲಿಲ್ಲ, ಬಾಯಿಪಾಠ ಇತ್ತು.

ಫೋನಿಟ್ಟು ನೇರಳೆ ಹೀಟರ್ ಹಾಕಿದೆ. ಸುಟ್ಟ ಕಲೆ ಬಿಟ್ಟು ಅದರ ಪಕ್ಕಕ್ಕೆ ಹಚ್ಚಿ, ತುದಿಯಲ್ಲಿ ಕಡ್ಡಿಯನ್ನು ಹಿಂದಕ್ಕೆ ತಂದು, ಫ್ಯಾನ್ ಹಾಕಿ ಕಾದೆ. ಒಂದೇ ಎಳೆತಕ್ಕೆ ಇಡೀ ಪಟ್ಟಿ ಬಂತು, ಒಂದು ಚೂರೂ ಉಳಿಯಲಿಲ್ಲ. ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದು, ನನ್ನದೇ ಫೋನಿನಿಂದ ಸಿರುಗುಪ್ಪಕ್ಕೆ ಕಳಿಸಿದೆ.

ಉತ್ತರ ಕೂಡಲೇ ಬಂತು. "ಭಾಳ ಚಲೋ ಬಂದೈತಿ ಅಕ್ಕಾ. ತುದಿ ಇನ್ನೊಂಚೂರು ದಪ್ಪ ಇರ್ಲಿ."

ಹೊಟ್ಟೆ ಉರಿಯಿತು. ಹೀಟರಿನ ಬೋಗುಣಿಗೆ ಇನ್ನೊಂದು ಹಿಡಿ ಕಾಳು ಸುರಿದೆ.